ನಿಘಂಟಿನ ಹಿಂದಿನ ಮನೆ: ಬಾಸೆಲ್ ಮಿಷನ್ನಿನ ವಿದ್ವಾಂಸರ ಕಾರ್ಯನಿಷ್ಠೆ ಮತ್ತು ಅದರ ಬೆಲೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು ಇಪ್ಪತ್ತೆರಡು ವರ್ಷಗಳ ಅವಧಿಯಲ್ಲಿ ಮೂರು ಮಹತ್ವದ ನಿಘಂಟುಗಳನ್ನು ಹೊರತಂದಿತು. 1872ರಲ್ಲಿ ಹರ್ಮನ್ ಗುಂಡರ್ಟ್ ಅವರ ಮಲಯಾಳಂ ನಿಘಂಟು, 1886ರಲ್ಲಿ ಅಗಸ್ಟ್ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದವು. ದಕ್ಷಿಣ ಭಾರತದ ಭಾಷಾಧ್ಯಯನಕ್ಕೆ ಈ ಮೂರು ಗ್ರಂಥಗಳು ಹಾಕಿಕೊಟ್ಟ ಬುನಾದಿಯ ಬಗ್ಗೆ ಎರಡು ಮಾತಿಲ್ಲ. ಕನ್ನಡಿಗರು ಈ ಋಣವನ್ನು ಮರೆತೂ ಇಲ್ಲ. ಬೆಂಗಳೂರಿನಲ್ಲಿ ನಿಂತಿರುವ ಕಿಟ್ಟೆಲ್ ಅವರ ಪ್ರತಿಮೆಯೇ ಇದಕ್ಕೆ ಸಾಕ್ಷಿ.

ಆದರೆ ಈ ವಿದ್ವಾಂಸರ ಕುರಿತು ಕನ್ನಡದಲ್ಲಿ ಬಂದಿರುವ ಬಹುಪಾಲು ಬರವಣಿಗೆಯಲ್ಲಿ ಒಂದು ಸಮಾನ ಧಾಟಿಯನ್ನು ಕಾಣಬಹುದು. ತಪಸ್ಸು, ಋಷಿಸದೃಶ ಬಾಳು, ಏಕಾಂಗಿ ಸಾಧನೆ ಮುಂತಾದ ಪದಗಳು ಅಲ್ಲಿ ಮರಳಿ ಮರಳಿ ಬರುತ್ತವೆ. ತಪಸ್ವಿಗೆ ಸಂಸಾರವಿರುವುದಿಲ್ಲ, ಆದ್ದರಿಂದ ಅವನ ಮನೆಯ ವಿಚಾರವನ್ನು ಕೇಳುವ ಅಗತ್ಯವೂ ಬೀಳುವುದಿಲ್ಲ. ಈ ವಿದ್ವಾಂಸರಿಗಾದರೋ ಸಂಸಾರವಿತ್ತು, ಹೆಂಡತಿ ಮಕ್ಕಳಿದ್ದರು, ಪಕ್ಕದಲ್ಲಿ ಕುಳಿತು ಅರ್ಥ ಹೇಳಿದ ಪಂಡಿತರಿದ್ದರು, ಮೊಳೆ ಜೋಡಿಸಿದ ಕೆಲಸಗಾರರಿದ್ದರು. ಅವರ ಕಾರ್ಯನಿಷ್ಠೆಯ ಬೆಲೆಯನ್ನು ಯಾರು ಯಾರು, ಯಾವ ಯಾವ ಬಗೆಯಲ್ಲಿ ತೆತ್ತರು ಎಂಬುದನ್ನು ಲಭ್ಯ ಸಂಗತಿಗಳ ಆಧಾರದ ಮೇಲೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ನಿಷ್ಠೆಯು ಕೇವಲ ವ್ಯಕ್ತಿಗಳ ಸ್ವಭಾವವಾಗಿರದೆ ಒಂದು ಸಂಸ್ಥೆ ರೂಪಿಸಿದ ವ್ಯವಸ್ಥೆಯೂ ಆಗಿತ್ತು ಎಂಬ ಅಂಶ ಇಲ್ಲಿ ಮುಖ್ಯವಾಗುತ್ತದೆ.

ದುಡಿಮೆಯ ಧರ್ಮ ಮತ್ತು ಸಂಸ್ಥೆಯ ಕಟ್ಟುಪಾಡು

ಬಾಸೆಲ್ ಮಿಷನ್ನಿನ ಮೊದಲ ತಂಡ ಮಂಗಳೂರನ್ನು ತಲುಪಿದ್ದು 1834ರಲ್ಲಿ. ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಈ ತಂಡದ ಮೂವರು ಸದಸ್ಯರು. ಸಂಸ್ಥೆಯ ಕೇಂದ್ರವು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿದ್ದರೂ ಅದರ ಪ್ರಚಾರಕರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. ಅಲ್ಲಿ ಬೇರೂರಿದ್ದ ಪಯಟಿಸ್ಟ್ ಪಂಥವು ಶಿಸ್ತು, ಮಿತವ್ಯಯ ಹಾಗೂ ನಿರಂತರ ದುಡಿಮೆಗೆ ಧಾರ್ಮಿಕ ಮೌಲ್ಯವನ್ನು ನೀಡಿತ್ತು. ಕಾಲವನ್ನು ವ್ಯರ್ಥಗೊಳಿಸುವುದು ದೇವರ ಮುಂದೆ ಅಪರಾಧವೆಂಬ ಭಾವನೆ ಬಾಲ್ಯದಿಂದಲೇ ಅವರಲ್ಲಿ ನೆಲೆಗೊಂಡಿರುತ್ತಿತ್ತು.

ಈ ವೈಯಕ್ತಿಕ ನಂಬಿಕೆಗೆ ಸಂಸ್ಥೆಯ ನಿಯಮಗಳ ಬಲವೂ ಸೇರಿತು. ಬಾಸೆಲ್ಲಿನ ಆಡಳಿತ ಸಮಿತಿಯು ತನ್ನ ಪ್ರಚಾರಕರನ್ನು ಸಾಮಾನ್ಯವಾಗಿ ಅವಿವಾಹಿತರಾಗಿಯೇ ಹೊರದೇಶಗಳಿಗೆ ಕಳುಹಿಸುತ್ತಿತ್ತು. ಕೆಲವು ವರ್ಷಗಳ ಸೇವೆಯ ನಂತರ ಮದುವೆಗೆ ಸಮಿತಿಯ ಅನುಮತಿಯನ್ನು ಬೇಡಬೇಕಾಗಿತ್ತು. ಹಲವು ಸಂದರ್ಭಗಳಲ್ಲಿ ವಧುವನ್ನು ಗೊತ್ತುಮಾಡುವಲ್ಲಿಯೂ ಸಮಿತಿ ಮತ್ತು ಅದರ ಬಳಗದವರ ಪಾತ್ರವಿರುತ್ತಿತ್ತು. ತಾವು ಹಿಂದೆಂದೂ ಕಂಡಿರದ, ಕೇವಲ ಪತ್ರಗಳ ಮೂಲಕ ಬಲ್ಲ ವರನನ್ನು ವರಿಸಲು ಯುವತಿಯರು ಸಮುದ್ರ ದಾಟಿ ಬರುತ್ತಿದ್ದುದು ಉಂಟು. ಹೀಗೆ ಮದುವೆಯು ಸೇವೆಗೆ ಅಧೀನವಾದ ಒಂದು ಏರ್ಪಾಡಾಗಿತ್ತು. ಪ್ರಚಾರಕನ ಆರೋಗ್ಯವನ್ನು ಕಾಪಾಡಿ, ಮನೆಯನ್ನು ನಡೆಸಿ, ಹೆಣ್ಣುಮಕ್ಕಳ ಶಾಲೆಯಂತಹ ಕೆಲಸಗಳನ್ನು ವಹಿಸಿಕೊಂಡು ಅವನ ಕಾರ್ಯ ಕುಂಠಿತವಾಗದಂತೆ ನೋಡಿಕೊಳ್ಳುವುದು ಪತ್ನಿಯ ಕರ್ತವ್ಯವೆನಿಸಿತ್ತು.

ಮಕ್ಕಳ ವಿಷಯದಲ್ಲಿ ಈ ಕಟ್ಟುಪಾಡು ಇನ್ನೂ ಕಠಿಣವಾಗಿತ್ತು. 1850ರ ದಶಕದಲ್ಲಿ ಮಿಷನ್ ಬಾಸೆಲ್ ನಗರದಲ್ಲಿ ಪ್ರಚಾರಕರ ಮಕ್ಕಳಿಗಾಗಿಯೇ ವಸತಿಗೃಹವೊಂದನ್ನು ತೆರೆಯಿತು. ಶಾಲೆಗೆ ಹೋಗುವ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳುಹಿಸುವುದು ರೂಢಿಯಾಯಿತು. ಉಷ್ಣವಲಯದ ಹವೆ ಮಕ್ಕಳ ಆರೋಗ್ಯಕ್ಕೆ ಒಗ್ಗದು, ಅಲ್ಲಿ ತಕ್ಕ ಶಿಕ್ಷಣ ದೊರೆಯದು, ಸ್ಥಳೀಯ ಸಮಾಜದ ಪ್ರಭಾವ ಅವರ ಮೇಲೆ ಬೀಳಬಾರದು ಎಂಬುವು ಇದಕ್ಕೆ ನೀಡಲಾಗುತ್ತಿದ್ದ ಕಾರಣಗಳು. ತಂದೆತಾಯಿಗಳು ನಿಶ್ಚಿಂತೆಯಿಂದ ಕೆಲಸದಲ್ಲಿ ತೊಡಗಬೇಕೆಂಬ ಉದ್ದೇಶವೂ ಇವುಗಳ ಹಿಂದೆ ಇತ್ತೆಂಬುದರಲ್ಲಿ ಸಂದೇಹವಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮೊದಲು ಹಡಗಿನ ಪ್ರಯಾಣ ಬಹಳ ದೀರ್ಘವಾಗಿತ್ತು. ಆರೇಳು ವರ್ಷದ ಮಗುವನ್ನು ಹಡಗು ಹತ್ತಿಸಿದ ತಾಯಿ ಅದನ್ನು ಮತ್ತೆ ಕಾಣುವಾಗ ಅದು ಪ್ರಾಯಕ್ಕೆ ಬಂದಿರುತ್ತಿತ್ತು. ಕಾಣದೆಯೇ ತೀರಿಕೊಂಡವರೂ ಇದ್ದರು.

ಗುಂಡರ್ಟ್ ಕುಟುಂಬ: ಬಿಟ್ಟುಬಂದ ಮಗಳು

ಈ ವ್ಯವಸ್ಥೆಯ ಒಳಮುಖವನ್ನು ಅರಿಯಲು ಗುಂಡರ್ಟ್ ಅವರ ಕುಟುಂಬ ಒಳ್ಳೆಯ ನಿದರ್ಶನವಾಗಿದೆ. 1814ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಜನಿಸಿದ ಹರ್ಮನ್ ಗುಂಡರ್ಟ್ 1836ರಲ್ಲಿ ಭಾರತಕ್ಕೆ ಬಂದರು. 1838ರಲ್ಲಿ ಜೂಲಿ ಡ್ಯೂಬ್ವಾ ಅವರನ್ನು ವಿವಾಹವಾಗಿ ಬಾಸೆಲ್ ಮಿಷನ್ನಿಗೆ ಸೇರಿದರು. ಮರುವರ್ಷ ತಲಶ್ಶೇರಿಯಲ್ಲಿ ನೆಲೆಸಿದರು. ಮುಂದೆ ಮಲಬಾರ್ ಮತ್ತು ಕೆನರಾ ಪ್ರಾಂತಗಳ ಶಾಲೆಗಳ ಇನ್‌ಸ್ಪೆಕ್ಟರ್ ಆಗಿಯೂ ದುಡಿದುದರಿಂದ ಅವರ ಹೆಸರು ಕರಾವಳಿ ಕರ್ನಾಟಕದ ಶಿಕ್ಷಣ ಚರಿತ್ರೆಯಲ್ಲಿಯೂ ಬರುತ್ತದೆ. ಗುಂಡರ್ಟ್ ಅವರು ಮಲಯಾಳಂ ಶಬ್ದಗಳನ್ನೂ ಹಸ್ತಪ್ರತಿಗಳನ್ನೂ ಸಂಗ್ರಹಿಸುತ್ತಿದ್ದ ಕಾಲದಲ್ಲಿ ಜೂಲಿ ಗುಂಡರ್ಟ್ ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದರು.

ಈ ದಂಪತಿಗಳ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. 1840ರ ದಶಕದ ನಡುವೆ ರಜೆಯ ಮೇಲೆ ಯುರೋಪಿಗೆ ಹೋದ ತಂದೆತಾಯಿಗಳು ಮರಳುವಾಗ ಪುಟ್ಟ ಬಾಲಕಿಯಾಗಿದ್ದ ಅವಳನ್ನು ಅಲ್ಲಿಯೇ ಬಿಟ್ಟು ಬಂದರು. ಮರೀ ಬೆಳೆದದ್ದು ಪರರ ಆಶ್ರಯದಲ್ಲಿ ಮತ್ತು ವಸತಿ ಶಾಲೆಯಲ್ಲಿ. ಅವಳು ಭಾರತಕ್ಕೆ ಹಿಂತಿರುಗಿ ತಂದೆತಾಯಿಗಳನ್ನು ಸೇರಿಕೊಂಡದ್ದು 1857ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ. ಎರಡು ವರ್ಷಗಳಲ್ಲಿ, ಅಂದರೆ 1859ರಲ್ಲಿ, ಗುಂಡರ್ಟ್ ಅವರು ಅನಾರೋಗ್ಯದ ನಿಮಿತ್ತ ಭಾರತವನ್ನು ಬಿಡಬೇಕಾಯಿತು. ಮಲಯಾಳಂ ನಿಘಂಟು ಪೂರ್ಣಗೊಂಡಿದ್ದು ಜರ್ಮನಿಯ ಕಾಲ್ವ್ ಪಟ್ಟಣದಲ್ಲಿ; ಅಚ್ಚಾದದ್ದು ಮಂಗಳೂರಿನಲ್ಲಿ. ತಂದೆಯ ಬದುಕಿನಲ್ಲಿ ಈ ಕಾಲಘಟ್ಟ ಫಲವತ್ತಾದುದು. ಮಗಳ ಬದುಕಿನಲ್ಲಿ ಅದೇ ಕಾಲಘಟ್ಟ ಹೆತ್ತವರಿಲ್ಲದ ಬಾಲ್ಯ. ಈ ಮರೀ ಅವರೇ ಮುಂದೆ ನೊಬೆಲ್ ಪುರಸ್ಕೃತ ಲೇಖಕ ಹರ್ಮನ್ ಹೆಸ್ಸೆ ಅವರ ತಾಯಿಯಾದರು. ಮಂಗಳೂರಿನಲ್ಲಿಯೂ ಸೇವೆ ಸಲ್ಲಿಸಿದ್ದ ಯೋಹಾನೆಸ್ ಹೆಸ್ಸೆ ಅವರ ಪತಿ. ಮಗನ ಖ್ಯಾತಿಯ ದೆಸೆಯಿಂದ ತಾಯಿಯ ದಿನಚರಿ ಮತ್ತು ಪತ್ರಗಳಿಗೆ ಮಹತ್ವ ಬಂದು ಅವು ಪ್ರಕಟಗೊಂಡವು. ಅಂತಹ ಖ್ಯಾತ ಮಗನಿಲ್ಲದ ಇತರ ಎಷ್ಟೋ ಪ್ರಚಾರಕರ ಹೆಣ್ಣುಮಕ್ಕಳ ಬಾಲ್ಯ ಕಡತಗಳಲ್ಲಿಯೇ ಉಳಿದಿದೆ.

ಮೋಗ್ಲಿಂಗ್ ಮತ್ತು ವೈಗ್ಲೆ: ಆಯುಸ್ಸಿನ ಲೆಕ್ಕ

1836ರಲ್ಲಿ ಭಾರತಕ್ಕೆ ಬಂದ ಹರ್ಮನ್ ಮೋಗ್ಲಿಂಗ್ ಅವರ ಕಾರ್ಯಬಾಹುಳ್ಯವು ಬೆರಗು ಹುಟ್ಟಿಸುವಂಥದು. ಮಂಗಳೂರಿನಲ್ಲಿ ಶಾಲೆ, ಬೋಧಕರ ತರಬೇತಿ ಹಾಗೂ ಧರ್ಮಪ್ರಚಾರದ ನಡುವೆಯೇ ಅವರು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಆರಂಭಿಸಿದರು. ಅದು ಕನ್ನಡದ ಮೊದಲ ವೃತ್ತಪತ್ರಿಕೆ. 1848ರಿಂದ 1853ರವರೆಗೆ 'ಬಿಬ್ಲಿಯೊಥೆಕ ಕರ್ನಾಟಿಕ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ಕನ್ನಡ ಕೃತಿಗಳು ಕಲ್ಲಚ್ಚಿನಲ್ಲಿ ಹೊರಬಂದವು. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಧನಸಹಾಯ ಇದಕ್ಕಿತ್ತು. ಈ ಕಾರ್ಯಗಳಲ್ಲಿ ಮೋಗ್ಲಿಂಗ್ ಅವರಿಗೆ ಹೆಗಲೆಣೆಯಾಗಿದ್ದ ಗಾಟ್‌ಫ್ರೀಡ್ ವೈಗ್ಲೆ ಅವರು 1855ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು.

ವೈಗ್ಲೆ ಅವರ ಪತ್ನಿ ಪೌಲೀನ್ ಮಕ್ಕಳೊಂದಿಗೆ ವಿಧವೆಯಾದರು. ಆನಂತರ ಮೋಗ್ಲಿಂಗ್ ಅವರು ಆಕೆಯನ್ನು ವಿವಾಹವಾದರು. ಆ ವೇಳೆಗಾಗಲೇ ಮೋಗ್ಲಿಂಗ್ ಅವರ ಕಾರ್ಯಕ್ಷೇತ್ರ ಕೊಡಗಿಗೆ ವರ್ಗವಾಗಿತ್ತು. 1858ರಲ್ಲಿ ಟ್ಯುಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1860ರಲ್ಲಿ ಪತ್ನಿಯ ಅಸ್ವಾಸ್ಥ್ಯದ ಕಾರಣ ಅವರು ಭಾರತವನ್ನು ಬಿಟ್ಟರು. ಚರಿತ್ರೆಯ ಬರವಣಿಗೆಯಲ್ಲಿ ಈ ಸಂಗತಿ ಸಾಮಾನ್ಯವಾಗಿ ಒಂದು ವಿಷಾದದ ವಾಕ್ಯವಾಗಿ ಬರುತ್ತದೆ: ಹೆಂಡತಿಯ ಕಾಯಿಲೆಯಿಂದಾಗಿ ಮೋಗ್ಲಿಂಗ್ ಅವರ ಕನ್ನಡ ಸೇವೆ ಮೊಟಕಾಯಿತು ಎಂಬಂತೆ. ಅದೇ ಸಂಗತಿಯನ್ನು ಇನ್ನೊಂದು ಬದಿಯಿಂದಲೂ ನೋಡಲು ಸಾಧ್ಯವಿದೆ. ಒಬ್ಬ ಪತಿಯನ್ನು ಈ ಕೆಲಸದ ನಡುವೆಯೇ ಕಳೆದುಕೊಂಡಿದ್ದ ಹೆಣ್ಣುಮಗಳ ಆರೋಗ್ಯವೂ ಅದೇ ನೆಲದಲ್ಲಿ ಕೆಟ್ಟಿತ್ತು. ಇಲ್ಲಿ ಮೊದಲ ಬಾರಿಗೆ ಕೆಲಸಕ್ಕಿಂತ ಮನೆಯ ಕರೆ ಮೇಲಾಯಿತು. ಅಷ್ಟಾಗಿ ಮೋಗ್ಲಿಂಗ್ ಅವರ ಬರವಣಿಗೆಯೇನೂ ನಿಲ್ಲಲಿಲ್ಲ. ಕೊಡಗನ್ನು ಕುರಿತ ಅವರ ಜರ್ಮನ್ ಗ್ರಂಥ 1866ರಲ್ಲಿ ಹೊರಬಂತು.

ಕಿಟ್ಟೆಲ್: ಮೂರು ಪಯಣ, ಒಂದು ಗ್ರಂಥ

ಫರ್ಡಿನೆಂಡ್ ಕಿಟ್ಟೆಲ್ 1832ರಲ್ಲಿ ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲೆಂಡ್ ಪ್ರದೇಶದಲ್ಲಿ ಪಾದ್ರಿಯ ಮನೆತನದಲ್ಲಿ ಜನಿಸಿದರು. 1850ರಲ್ಲಿ ಬಾಸೆಲ್ಲಿನ ತರಬೇತಿ ಶಾಲೆಯನ್ನು ಸೇರಿ 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಅವರ ಸೇವಾಕಾಲ ಕಳೆಯಿತು. 1860ರಲ್ಲಿ ಪೌಲೀನ್ ಐತ್ ಅವರೊಂದಿಗೆ ವಿವಾಹವಾಯಿತು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ತೀರಿಕೊಂಡರು. 1867ರಲ್ಲಿ ಕಿಟ್ಟೆಲ್ ಅವರು ಪೌಲೀನ್ ಅವರ ಸೋದರಿ ಜೂಲಿ ಅವರನ್ನು ವಿವಾಹವಾಗಿ ಮತ್ತೆ ಭಾರತಕ್ಕೆ ಬಂದರು. ಅಕ್ಕತಂಗಿಯರಿಬ್ಬರ ಬದುಕು ಹೀಗೆ ಒಂದೇ ಕಾರ್ಯದ ಸುತ್ತ ಸುತ್ತಿಕೊಂಡಿತು.

ಎರಡನೆಯ ಅವಧಿಯಲ್ಲಿ ಕಿಟ್ಟೆಲ್ ಅವರ ವಿದ್ವತ್ತು ಪೂರ್ಣಪ್ರಮಾಣದಲ್ಲಿ ಬೆಳಕಿಗೆ ಬಂದಿತು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಅವರ ಸಂಪಾದನೆಯಲ್ಲಿ ಪ್ರಕಟವಾದವು. ರೀವ್ ಅವರ ನಿಘಂಟು ಮತ್ತು ಅದನ್ನು ಸ್ಯಾಂಡರ್‌ಸನ್ ಪರಿಷ್ಕರಿಸಿದ 1858ರ ಆವೃತ್ತಿಯ ಕೊರತೆಗಳನ್ನು ಅರಿತಿದ್ದ ಅವರು ಹೊಸ ನಿಘಂಟಿನ ರಚನೆಯಲ್ಲಿ ತೊಡಗಿದರು. ಹಳಗನ್ನಡ ಕಾವ್ಯ, ವ್ಯಾಕರಣ, ಗಾದೆ, ಆಡುಮಾತುಗಳಿಂದ ಪದಗಳನ್ನು ಆಯ್ದು, ತಮಿಳು, ತೆಲುಗು, ಮಲಯಾಳಂ, ತುಳು ಮುಂತಾದ ಸೋದರ ಭಾಷೆಗಳ ರೂಪಗಳೊಂದಿಗೆ ಹೋಲಿಸುವ ಈ ಕಾರ್ಯ ಸುಮಾರು ಎರಡು ದಶಕಗಳನ್ನು ನುಂಗಿತು.

ಈ ನಡುವೆ ಅವರು ಕುಟುಂಬದೊಡನೆ ಜರ್ಮನಿಗೆ ಮರಳಿದ್ದರು. ಆದರೆ ಕನ್ನಡ ನಾಡಿನ ಪಂಡಿತರ ನೆರವಿಲ್ಲದೆ ಅಷ್ಟು ದೂರದಲ್ಲಿ ಕುಳಿತು ಕನ್ನಡ ನಿಘಂಟನ್ನು ಮುಗಿಸುವುದು ಶಕ್ಯವಿರಲಿಲ್ಲ. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಕಿಟ್ಟೆಲ್ ಅವರು ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲಿಯೇ ಬಿಟ್ಟು ಮೂರನೆಯ ಬಾರಿಗೆ ಭಾರತಕ್ಕೆ ಬಂದರು. 1892ರಲ್ಲಿ ಹಿಂತಿರುಗುವವರೆಗೆ ಅವರ ಬಾಳು ನಿಘಂಟಿಗೆ ಮೀಸಲಾಯಿತು. ಒಂದು ಮನೆಯು ಒಂಬತ್ತು ವರ್ಷ ಯಜಮಾನನಿಲ್ಲದೆ ನಡೆಯಿತು ಎಂಬುದನ್ನು ನಿಘಂಟಿನ 1752 ಪುಟಗಳಲ್ಲಿ ಯಾವ ಪುಟವೂ ಹೇಳುವುದಿಲ್ಲ. ಹೇಳುವ ಅಗತ್ಯವೂ ಅದಕ್ಕಿಲ್ಲ. ಆದರೆ ಎಪ್ಪತ್ತು ಸಾವಿರದಷ್ಟು ಪದಗಳ ಲೆಕ್ಕವನ್ನು ಅಭಿಮಾನದಿಂದ ಒಪ್ಪಿಸುವ ಚರಿತ್ರಕಾರನು ಈ ಒಂಬತ್ತು ವರ್ಷಗಳ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ.

1894ರಲ್ಲಿ ನಿಘಂಟು ಪ್ರಕಟವಾದಾಗ ಕಿಟ್ಟೆಲ್ ಅವರಿಗೆ ಅರವತ್ತೆರಡು ವರ್ಷ. 1896ರಲ್ಲಿ ಟ್ಯುಬಿಂಗನ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ದೊರೆಯಿತು. ಆ ಮೇಲೂ ಅವರು ವಿರಮಿಸಲಿಲ್ಲ. 1903ರಲ್ಲಿ ಅವರ ಕನ್ನಡ ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯುಬಿಂಗನ್ನಿನಲ್ಲಿ ನಿಧನರಾದರು. ಕೆಲಸ ಮುಗಿಯುವುದೂ ಬದುಕು ಮುಗಿಯುವುದೂ ಅವರಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು.

ಹೆಸರಿಲ್ಲದ ಸಹಭಾಗಿಗಳು

ನಿಘಂಟಿನ ಬೆಲೆಯನ್ನು ತೆತ್ತವರು ಕುಟುಂಬದವರಷ್ಟೇ ಅಲ್ಲ. ಹಳಗನ್ನಡದ ಪದವೊಂದರ ಅರ್ಥವನ್ನು ನಿಶ್ಚಯಿಸಲು, ಗ್ರಾಮ್ಯ ರೂಪವೊಂದರ ಬಳಕೆಯನ್ನು ಖಚಿತಪಡಿಸಲು ಸ್ಥಳೀಯ ಪಂಡಿತರು ಅಗತ್ಯವಾಗಿದ್ದರು. ಕಿಟ್ಟೆಲ್ ಅವರು ಮುನ್ನುಡಿಯಲ್ಲಿ ತಮಗೆ ನೆರವಾದ ದೇಶೀಯ ವಿದ್ವಾಂಸರನ್ನು ಸ್ಮರಿಸಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆದರೂ ಮುಖಪುಟದ ಮೇಲೆ ಉಳಿದದ್ದು ಒಂದೇ ಹೆಸರು. 'ಏಕಾಂಗಿ ಸಾಧನೆ' ಎಂಬ ಮಾತು ಕಿಟ್ಟೆಲ್ ಅವರಿಗೆ ಗೌರವ ತರಬೇಕೆಂದು ಹೇಳಿದ್ದಾದರೂ ಅದು ಈ ಪಂಡಿತರನ್ನು ಚರಿತ್ರೆಯ ಹೊರಗಿಡುತ್ತದೆ.

ಮುದ್ರಣಾಲಯದ ಕೆಲಸಗಾರರ ಸ್ಥಿತಿಯೂ ಇದೇ. 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾದ ಮಂಗಳೂರಿನ ಮುದ್ರಣಾಲಯವು 1850ರ ದಶಕದಿಂದ ಅಚ್ಚುಮೊಳೆಗಳನ್ನು ಬಳಸತೊಡಗಿತು. ಕನ್ನಡ ಮತ್ತು ರೋಮನ್ ಲಿಪಿಗಳೆರಡೂ ಬೆರೆತ, ಅಡಿಗಡಿಗೆ ಸಂಕ್ಷೇಪಾಕ್ಷರಗಳು ಬರುವ ನಿಘಂಟಿನ ಪುಟವನ್ನು ಒಂದೊಂದೇ ಮೊಳೆಯನ್ನು ಕೈಯಿಂದ ಆಯ್ದು ಜೋಡಿಸಬೇಕಾಗಿತ್ತು. ಹೊಸ ಧರ್ಮವನ್ನು ಸ್ವೀಕರಿಸಿ ಜಾತಿಯಿಂದಲೂ ಕುಲವೃತ್ತಿಯಿಂದಲೂ ಹೊರಬಿದ್ದವರಿಗೆ ಜೀವನೋಪಾಯ ಕಲ್ಪಿಸಲು ಮಿಷನ್ ನೇಯ್ಗೆ, ಹಂಚು, ಮುದ್ರಣಗಳ ಉದ್ಯಮಗಳನ್ನು ಬೆಳೆಸಿತು. ಈ ಉದ್ಯಮಗಳು ಸಾವಿರಾರು ಕುಟುಂಬಗಳಿಗೆ ಅನ್ನ ನೀಡಿದವು ಎಂಬುದು ಸತ್ಯ. ಅಷ್ಟೇ ಸತ್ಯವಾದ ಇನ್ನೊಂದು ಸಂಗತಿಯೆಂದರೆ, ಬಿತ್ತನೆ, ಕೊಯ್ಲು, ಮಳೆ, ಜಾತ್ರೆಗಳ ಲಯಕ್ಕೆ ಒಗ್ಗಿದ್ದ ಬದುಕು ಇಲ್ಲಿ ಗಂಟೆಯ ಲಯಕ್ಕೆ ಒಗ್ಗಬೇಕಾಯಿತು. ವಿದ್ವಾಂಸನ ಕೋಣೆಯಲ್ಲಿ ಸ್ವಪ್ರೇರಣೆಯಾಗಿದ್ದ ದುಡಿಮೆಯ ಶಿಸ್ತು ಕೆಲಸದ ಅಂಗಳದಲ್ಲಿ ಪಾಲಿಸಲೇಬೇಕಾದ ನಿಯಮವಾಯಿತು.

ಆಕರಗಳ ಮೌನ ಮತ್ತು ಚರಿತ್ರೆಯ ಧಾಟಿ

ಈ ಸಂಗತಿಗಳು ಕನ್ನಡ ಸಂಶೋಧನೆಯಲ್ಲಿ ಗೌಣವಾಗಿ ಉಳಿಯಲು ಆಕರಗಳ ಸ್ವರೂಪವೂ ಒಂದು ಕಾರಣ. ಬಾಸೆಲ್ಲಿನ ಪತ್ರಾಗಾರದಲ್ಲಿರುವ ವರದಿಗಳು ಮುಖ್ಯವಾಗಿ ಮೇಲಧಿಕಾರಿಗಳಿಗೆ ಬರೆದವು. ಶಾಲೆಗಳೆಷ್ಟು, ಪುಸ್ತಕಗಳೆಷ್ಟು, ಪ್ರವಾಸಗಳೆಷ್ಟು ಎಂಬ ವಿವರಗಳಿಗೆ ಅಲ್ಲಿ ಸ್ಥಾನ. ಮನೆಯ ಅಳಲಿಗೆ ಅಲ್ಲಿ ಸ್ಥಾನ ಕಡಿಮೆ. ಶ್ರೀನಿವಾಸ ಹಾವನೂರ ಅವರ 'ಹೊಸಗನ್ನಡದ ಅರುಣೋದಯ'ದಂತಹ (1974) ಮೇರುಕೃತಿಯು ಮಿಷನರಿಗಳ ಸಾಹಿತ್ಯ ಸೇವೆಯ ಸಮಗ್ರ ಚಿತ್ರವನ್ನು ಕಟ್ಟಿಕೊಟ್ಟಿತು. ಸಾಧನೆಯ ಆ ಚಿತ್ರಕ್ಕೆ ಕುಟುಂಬದ ಚರಿತ್ರೆಯನ್ನು ಜೋಡಿಸುವುದು ಅನಂತರದ ಸಂಶೋಧಕರ ಹೊಣೆ. ಜರ್ಮನ್ ಭಾಷೆಯಲ್ಲಿ ಮಿಷನ್ ವಧುಗಳನ್ನೂ ಮಕ್ಕಳನ್ನೂ ಕುರಿತು ಇಂತಹ ಅಧ್ಯಯನಗಳು ಈಗಾಗಲೇ ನಡೆದಿವೆ.

ಈ ಧಾಟಿ ವಿದೇಶೀಯರ ಚರಿತ್ರೆಗಷ್ಟೇ ಸೀಮಿತವಲ್ಲ. ಗಳಗನಾಥರು (1869-1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಸಂಗತಿಯನ್ನು ಕನ್ನಡಿಗರು ಪೂಜ್ಯಭಾವದಿಂದ ನೆನೆಯುತ್ತಾರೆ. ಆ ತಿರುಗಾಟದ ದಿನಗಳಲ್ಲಿ ಮನೆಯವರು ಹೇಗೆ ದಿನ ಕಳೆದರು ಎಂಬ ಪ್ರಶ್ನೆ ಆ ನೆನಪಿನಲ್ಲಿ ಅಪರೂಪಕ್ಕೂ ಏಳುವುದಿಲ್ಲ. ಮನೆಮಠ ಮರೆತು ದುಡಿಯುವುದೇ ವಿದ್ವತ್ತಿನ ಲಕ್ಷಣ ಎಂಬ ಆದರ್ಶ ಹೀಗೆ ನೆಲೆಗೊಂಡಿತು. ಇದರ ಸಾಮಾಜಿಕ ಪರಿಣಾಮ ಲಘುವಾದುದಲ್ಲ. ಮನೆಯನ್ನು ಮರೆಯಲು ಸಾಧ್ಯವಿರುವುದು ಮನೆಯನ್ನು ಮತ್ತೊಬ್ಬರು ನೆನಪಿಟ್ಟು ನಡೆಸುವಾಗ ಮಾತ್ರ. ಆ ಮತ್ತೊಬ್ಬರು ಬಹುಮಟ್ಟಿಗೆ ಹೆಂಗಸರೇ ಆಗಿದ್ದರಿಂದ, ಈ ಆದರ್ಶವು ಅವರನ್ನು ವಿದ್ವತ್ತಿನ ಕ್ಷೇತ್ರದಿಂದಲೇ ದೂರವಿರಿಸಿತು.

ಇದಕ್ಕೆ ಬದಲಾದ ಕಾರ್ಯವಿಧಾನವೂ ಕನ್ನಡದಲ್ಲಿಯೇ ಉಂಟು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಒಬ್ಬರ ಕೃತಿಯಲ್ಲ. ಸಮಿತಿ, ಸಂಪಾದಕರು, ಸಹಾಯಕರು ಹಂಚಿಕೊಂಡು, ಒಬ್ಬರು ನಿವೃತ್ತರಾದಾಗ ಮತ್ತೊಬ್ಬರು ಕೈಹಚ್ಚಿ, ಹಲವು ದಶಕಗಳಲ್ಲಿ ಅದನ್ನು ಪೂರೈಸಿದರು. ಅದರ ವಿಳಂಬದ ಬಗ್ಗೆ ಟೀಕೆಗಳಿದ್ದವು. ಆದರೆ ಕೆಲಸವು ಒಬ್ಬನ ಆಯುಸ್ಸಿಗೂ ಒಂದು ಮನೆಯ ನೆಮ್ಮದಿಗೂ ಗಂಟುಬೀಳಬೇಕಾಗಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು.

ಉಪಸಂಹಾರ

ಹನ್ನೆರಡನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಅವರ ಕಥೆ ಇಲ್ಲಿ ನೆನೆಯತಕ್ಕದ್ದು. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅವನು ಮಾತಿನಲ್ಲಿ ಮೈಮರೆತಾಗ ಕಾಯಕವನ್ನು ನೆನಪಿಸಿದವಳು ಲಕ್ಕಮ್ಮ. ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವಳೂ ಅವಳೇ. ಕಾಯಕವೆಂದರೆ ದುಡಿಮೆ ಮಾತ್ರವಲ್ಲ, ದುಡಿಮೆಯ ಅಳತೆಯೂ ಹೌದು. ಆ ಅಳತೆಯನ್ನು ಹೇಳುವ ಅಧಿಕಾರ ಮನೆಯಲ್ಲಿರುವ ಇನ್ನೊಬ್ಬರಿಗೂ ಇದೆ ಎಂಬುದು ಈ ಕಥೆಯ ತಿರುಳು. ಕಾಯಕದ ಹೆಸರಿನಲ್ಲಿ ಮಿತಿಯಿಲ್ಲದ ದುಡಿಮೆಯನ್ನು ಹೊಗಳುವಾಗ ಕಥೆಯ ಈ ಎರಡನೆಯ ಭಾಗ ಬಿಟ್ಟುಹೋಗುತ್ತದೆ.

ಬಾಸೆಲ್ ಮಿಷನ್ನಿನ ವಿದ್ವಾಂಸರನ್ನು ಇಂದಿನ ಮೌಲ್ಯಗಳ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ತಾವು ನಂಬಿದ ಕಾರ್ಯಕ್ಕೆ ಅವರು ತಮ್ಮನ್ನು ತಾವೇ ಮೊದಲು ತೆತ್ತುಕೊಂಡರು. ಅವರ ಪತ್ನಿಯರಲ್ಲಿಯೂ ಅದೇ ನಂಬಿಕೆಯಿಂದ ಬಂದವರಿದ್ದರು. ಆದರೆ ಹಡಗು ಹತ್ತಿದ ಮಕ್ಕಳನ್ನು ಯಾರೂ ಕೇಳಿರಲಿಲ್ಲ. ಕಿಟ್ಟೆಲ್ ಅವರ ನಿಘಂಟನ್ನು ಮದರಾಸು ವಿಶ್ವವಿದ್ಯಾಲಯಕ್ಕಾಗಿ ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಅದು ನಾಲ್ಕು ಸಂಪುಟಗಳಲ್ಲಿ ಮರುಜನ್ಮ ಪಡೆಯಿತು. ಇಂದಿಗೂ ಅದು ಸಂಶೋಧಕರ ಕೈಪಿಡಿ. ಪೌಲೀನ್, ಜೂಲಿ, ಮರೀ ಹಾಗೂ ಹೆಸರು ಉಳಿಯದ ಪಂಡಿತರು ಮತ್ತು ಕೆಲಸಗಾರರ ಪಾಲನ್ನು ಗುರುತಿಸುವುದರಿಂದ ಆ ಗ್ರಂಥದ ಹಿರಿಮೆಗೆ ಕುಂದು ಬರುವುದಿಲ್ಲ. ಕನ್ನಡವು ಯಾರು ಯಾರಿಗೆ ಋಣಿಯಾಗಿದೆ ಎಂಬ ಪಟ್ಟಿ ಅಷ್ಟರ ಮಟ್ಟಿಗೆ ಸರಿಯಾಗುತ್ತದೆ.